ಖಾಲಿ ಗಾಡಿಲಿ ಮುಂದಿನಿಂದ ‘ಠಕ್’ ಅಂತ ಸೌಂಡು, ಮೂರು ಸಲ ಬಿಚ್ಚಿದ್ರೂ ಸಿಗ್ತಿಲ್ಲ

ಕೊಬ್ಬರಿ_ಗಾಡಿ

ಎಲ್ರಿಗೂ ನಮಸ್ಕಾರ. ತಿಪಟೂರು ಕಡೆಯವನು, ಸ್ವಂತ ಗಾಡಿ, ಡ್ರೈವರ್ರೂ ನಾನೇ ಓನರ್ರೂ ನಾನೇ. 14 ಅಡಿ ಬಾಡಿ, ಆರು ವೀಲು, 2017 ಮಾಡೆಲ್, 2,38,000 ಕಿಲೋಮೀಟರ್ ಓಡಿದೆ. ಯಾವ ಕಂಪನಿ ಅಂತ ಬರೆಯಲ್ಲ, ಬರೆದ್ರೆ ಅದು ಒಳ್ಳೇದಾ ಇದು ಒಳ್ಳೇದಾ ಅಂತ ಜಗಳ ಶುರುವಾಗಿ ನನ್ನ ಸೌಂಡು ಹಂಗೇ ಉಳ್ಕೊಳ್ಳುತ್ತೆ. ಮುಂದೆ ಗಟ್ಟಿ ಆಕ್ಸಲ್ಲು, ಎರಡೂ ಕಡೆ ಬ್ಲೇಡ್ ಸೆಟ್ಟು (ಒಂದ್ರ ಮೇಲೊಂದು ಜೋಡಿಸಿದ ಸ್ಪ್ರಿಂಗ್ ಪಟ್ಟಿ), ಪವರ್ ಸ್ಟೇರಿಂಗು, ನಾಕೂ ಕಡೆ ಡ್ರಮ್ ಬ್ರೇಕು.

ವಿಷಯ ಏನಪ್ಪಾ ಅಂದ್ರೆ ಒಂದೂವರೆ ತಿಂಗಳಿಂದ ಮುಂದಿನಿಂದ ಠಕ್ ಅಂತ ಒಂದು ಸೌಂಡು ಬರ್ತಿದೆ. ಕಿರ್ ಕಿರ್ ಅಲ್ಲ, ಗಡಗಡ ಅಲ್ಲ, ಯಾರೋ ಕೆಳಗಿಂದ ಸುತ್ತಿಗೆಲಿ ಒಂದೇ ಒಂದು ಏಟು ಹಾಕ್ದಂಗೆ. ಕಾಲಿಗೂ ಗೊತ್ತಾಗುತ್ತೆ, ಕ್ಲಚ್ ಹತ್ರ ಫ್ಲೋರಲ್ಲಿ ಒಂದು ಸಣ್ಣ ಏಟು ಬಿದ್ದಂಗೆ ಆಗುತ್ತೆ. ಕಾಯಿ ಲೋಡ್ ಮಾಡ್ಕೊಂಡು ಬೆಂಗಳೂರಿಗೆ ಹೋಗುವಾಗ ಕಮ್ಮಿ, ಕೆಲವು ದಿನ ಬರೋದೇ ಇಲ್ಲ. ವಾಪಸ್ ಖಾಲಿ ಬರುವಾಗ ನೋಡ್ಬೇಕು, ತುಮಕೂರು ದಾಟಿ ಬಿ.ಎಚ್. ರೋಡಲ್ಲಿ ಊರೂರಿಗೂ ಹಂಪು ಅಲ್ವಾ, ಗುಬ್ಬಿ ನಿಟ್ಟೂರು ಕೆ.ಬಿ. ಕ್ರಾಸು ಅಂತ ಪ್ರತಿ ಹಂಪಿಗೂ ಠಕ್. 20-30 ಸ್ಪೀಡಲ್ಲಿ ಜಾಸ್ತಿ, 60ರ ಮೇಲೆ ಹೋದ್ರೆ ಇಲ್ಲವೇ ಇಲ್ಲ, ಅಥವಾ ಇಂಜಿನ್ ಸೌಂಡಲ್ಲಿ ನಂಗೆ ಕೇಳ್ಸಲ್ವೋ ಏನೋ.

ಇಲ್ಲಿ ತನಕ ಮಾಡ್ಸಿದ್ದು: ಮೊದ್ಲು ಶಾಕ್ ಅಬ್ಸಾರ್ಬರ್ ಬುಷ್ ಅಂದ್ರು, ನಾಕೂ ಬುಷ್ ಹೊಸದು ಹಾಕ್ಸಿದೆ, ಎರಡು ದಿನ ಕಮ್ಮಿ ಆದಂಗೆ ಅನ್ಸ್ತು ಆಮೇಲೆ ಅದೇ ಕಥೆ. ಆಮೇಲೆ ಇನ್ನೊಬ್ರು ಟೈ ರಾಡ್ ಎಂಡ್ (ಸ್ಟೇರಿಂಗ್ ಸರಳಿನ ತುದಿ ಕೀಲು) ಅಂದ್ರು, ಎರಡೂ ಕಡೆ ಬದಲಾಯಿಸಿದ್ವಿ, ಅದು ನಿಜವಾಗ್ಲೂ ಸ್ವಲ್ಪ ಸವೆದಿತ್ತು ಆದ್ರೆ ಸೌಂಡು ಅದಲ್ಲ. ಮೂರನೇ ಸಲ ಎರಡೂ ವೀಲ್ ಬಿಚ್ಚಿ ಬೇರಿಂಗ್ ತೆಗೆದು ಗ್ರೀಸ್ ತುಂಬಿ ಟೈಟ್ ಮಾಡಿ ಕೊಟ್ರು. ಒಟ್ಟು ಒಂಬತ್ತು ಸಾವಿರ ಚಿಲ್ಲರೆ ಹೋಯ್ತು, ಎರಡು ಟ್ರಿಪ್ಪೂ ಹೋಯ್ತು. ಹೋದ್ಸಲ ಮೆಕ್ಯಾನಿಕ್ಕು ಪಕ್ಕದಲ್ಲೇ ಕೂತು ಎರಡು ರೌಂಡ್ ಬಂದ್ರು, ಒಂದು ಸಲಾನೂ ಬರ್ಲಿಲ್ಲ, ಅವ್ರು ಇಳ್ದು ನಾನು ಗೇಟ್ ದಾಟಿದ ತಕ್ಷಣ ಠಕ್. ಮನೆಯವಳು ಹೇಳ್ತಾಳೆ ನಿಮ್ಗೆ ಕಿವಿ ತೋರಿಸ್ಬೇಕು ಅಂತ.

ಯಾರಿಗಾದ್ರೂ ಹಿಂಗೆ ಆಗಿದ್ರೆ ದಯವಿಟ್ಟು ಹೇಳಿ. ಇನ್ನು ಅಂದಾಜಲ್ಲಿ ಪಾರ್ಟ್ ಹಾಕ್ಸಕ್ಕೆ ನನ್ ಕೈಲಿ ಆಗಲ್ಲ.

ಸ್ಟೇರಿಂಗ್_ಸಿದ್ದ

ಗುರು ಇದು ಕಿಂಗ್ ಪಿನ್, ಸ್ಟೇರಿಂಗ್ ತಿರುಗ್ಸಿದಾಗ ಮುಂದಿನ ವೀಲು ಹೊರಳೋ ಪಿನ್ನು. ನೂರಕ್ಕೆ ನೂರು. 2 ಲಕ್ಷ ದಾಟಿದ ಗಾಡಿಲಿ ಕಿಂಗ್ ಪಿನ್ ಬುಷ್ ಹೋಗಿರ್ಲೇಬೇಕು. ಆಕ್ಸಲ್ ಕೆಳಗೆ ಜಾಕ್ ಕೊಟ್ಟು ವೀಲ್ ಎತ್ತು, ಟೈರನ್ನ ಮೇಲೊಂದು ಕೈ ಕೆಳಗೊಂದು ಕೈ ಹಿಡ್ದು ಅಲ್ಲಾಡ್ಸು. ಆಟ, ಅಂದ್ರೆ ಸಡಿಲ, ಇದ್ರೆ ಒಬ್ರಿಗೆ ಬ್ರೇಕ್ ಒತ್ತಿ ಹಿಡ್ಕೊಳಕ್ಕೆ ಹೇಳಿ ಮತ್ತೆ ಅಲ್ಲಾಡ್ಸು. ಬ್ರೇಕ್ ಒತ್ತಿದಾಗ ಆಟ ನಿಂತ್ರೆ ಬೇರಿಂಗು, ನಿಲ್ಲದಿದ್ರೆ ಕಿಂಗ್ ಪಿನ್. ಸುಮ್ನೆ ಸೆಟ್ ತಂದು ಹಾಕ್ಸು, ನೆಮ್ಮದಿ.

ಬಂದರ್_ಲೋಡ್

ಒಂದು ಮಾತು ಹೇಳ್ತೇನೆ ನಗಬೇಡಿ. ನಂದು ಮಂಗಳೂರು, ಶಿರಾಡಿಯಲ್ಲಿ ದಿನಾ ಹತ್ತಿ ಇಳಿಯುವ ಗಾಡಿ. ಹೀಗೇ ಮುಂದಿನಿಂದ ಠಕ್ ಠಕ್ ಅಂತ ಬಂತು, ಒಂದು ತಿಂಗಳು ತಲೆ ಕೆಟ್ಟುಹೋಯ್ತು ಮಾರಾಯ್ರೆ, ಕ್ಯಾಬಿನ್ ಮೌಂಟಿಂಗ್ ರಬ್ಬರ್ ಕೂಡ ಬದಲಾಯಿಸಿದೆ. ಕಡೆಗೆ ನೋಡಿದ್ರೆ ಕ್ಲೀನರ್ ಹುಡುಗ ಜಾಕಿನ ಟಾಮಿಯನ್ನು (ಕಬ್ಬಿಣದ ರಾಡು) ಅದರ ಕ್ಲಿಪ್ಪಿಗೆ ಹಾಕದೆ ಸೀಟಿನ ಕೆಳಗೆ ಹಾಗೇ ಬಿಟ್ಟಿದ್ದ, ಅದು ಫ್ಲೋರಿಗೆ ಬಡಿತಾ ಇತ್ತು. ಖಾಲಿ ಇದ್ದಾಗ ಗಾಡಿ ಹಾರ್ತದೆ ಅಲ್ವಾ ಹಾಗಾಗಿ ಖಾಲಿಯಲ್ಲಿ ಮಾತ್ರ ಸೌಂಡು. ನೀವು ಮೊದಲು ಸೀಟಿನ ಕೆಳಗೆ, ಟೂಲ್ ಬಾಕ್ಸು, ಬ್ಯಾಟರಿ ಬಾಕ್ಸಿನ ಬೋಲ್ಟು, ಕ್ಯಾಬಿನ್ ಲಾಕು, ಇಷ್ಟು ನೋಡಿ ಆಮೇಲೆ ದುಡ್ಡು ಖರ್ಚು ಮಾಡಿ. ಇದಕ್ಕೆಲ್ಲ ಖರ್ಚು ಇಲ್ಲ.

ಕೊಬ್ಬರಿ_ಗಾಡಿ

ಬಂದರ್ ಅಣ್ಣ, ನಗ್ಲಿಲ್ಲ, ಹೋಗಿ ನೋಡ್ದೆ. ಟಾಮಿ ಜಾಕು ವೀಲ್ ಸ್ಪಾನರ್ ಎಲ್ಲ ಗೋಣಿಚೀಲದಲ್ಲಿ ಸುತ್ತಿ ಮನೇಲೇ ಇಟ್ಟು ಒಂದು ರೌಂಡ್ ಹೋಗ್ಬಂದೆ. ಸೌಂಡು ಇದೆ. ಕ್ಯಾಬಿನ್ ಲಾಕ್ ಗಟ್ಟಿ ಇದೆ, ಬ್ಯಾಟರಿ ಬಾಕ್ಸೂ ಸರಿ ಇದೆ.

ಸಿದ್ದಣ್ಣ, ನೀವು ಹೇಳಿದ ಟೆಸ್ಟ್ ಬೇರಿಂಗ್ ಬಿಚ್ಚಿದ ದಿನಾನೇ ಮಾಡಿದ್ರು. ಬ್ರೇಕ್ ಒತ್ತಿ ಹಿಡಿದ್ರೂ ಎಡಗಡೆ ಒಂಚೂರು ಆಟ ಇದೆ, ಬಲಗಡೆ ಇಲ್ಲ. ಇಷ್ಟು ಓಡಿದ ಗಾಡಿಗೆ ಇಷ್ಟು ಇರುತ್ತೆ ಈಗ್ಲೇ ಬಿಚ್ಚೋದು ಬೇಡ ಅಂದ್ರು.

ಸ್ಟೇರಿಂಗ್_ಸಿದ್ದ

ಹೇಳ್ಲಿಲ್ವಾ. ಎಡಗಡೆ ಕಿಂಗ್ ಪಿನ್. ಕೇಸ್ ಮುಗೀತು.

ಹುಬ್ಳಿ_ಹತ್ತಿಕಾಳು

ಮುಗದಿಲ್ಲ ತಡೀರಿ ಸಾಹೇಬ್ರ. ಆಕ್ಸಲ್ ಕೆಳಗ ಜಾಕ್ ಹಾಕಿ ನೋಡಿದ್ರ ಪಾಟಾದ, ಅಂದ್ರ ಬ್ಲೇಡ್ ಸೆಟ್ಟಿನ, ಮ್ಯಾಲಿನ ಭಾರ ಹಂಗ ಇರತೈತಿ, ಚಾಸಿ ಪಾಟಾದ ಮ್ಯಾಲೆ ಕುಂತಿರತೈತಿ, ಪಾಟಾ ಆಕ್ಸಲ್ ಮ್ಯಾಲೆ ಕುಂತಿರತೈತಿ, ಅದರಾಗ ಶಾಕಲ್ (ಪಾಟಾದ ತುದಿ ಚಾಸಿಗೆ ಜೋಡಿಸೋ ಕೊಂಡಿ) ಪಿನ್ನಿನ ಆಟ ನಿಮಗ ಕಾಣೂದ ಇಲ್ಲ. ಕಿಂಗ್ ಪಿನ್, ಬೇರಿಂಗ್ ನೋಡಾಕ ಅದು ಸರಿ. ಶಾಕಲ್ ನೋಡಬೇಕಂದ್ರ ಜಾಕ್ ಚಾಸಿಗೆ ಕೊಡ್ರಿ, ಆಕ್ಸಲ್ ಜೋತಾಡಲಿ, ಸ್ಟ್ಯಾಂಡ್ ಹಾಕೂದು ಮರೀಬ್ಯಾಡ್ರಿ ಮತ್ತ, ಬರೇ ಜಾಕಿನ ಮ್ಯಾಲೆ ಬಿಟ್ಟು ಕೆಳಗ ಹೋಗಬ್ಯಾಡ್ರಿ. ಆಮ್ಯಾಲೆ ಒಂದು ಹಾರಿ ತಗೊಂಡು ಪಾಟಾದ ಕಿವಿ ಮತ್ತ ಶಾಕಲ್ ನಡಕ ಹಾಕಿ ಮೀಟ್ರಿ. ಪಿನ್ ಸವದಿದ್ರ ಮ್ಯಾಲೆ ಕೆಳಗ ಕಟ್ ಕಟ್ ಅಂತೈತಿ, ಕಣ್ಣಿಗೇ ಕಾಣತೈತಿ.

ನಮ್ಮ ಗಾಡಿಗೆ ಇದ ಆಗಿತ್ತು. ಗ್ರೀಸ್ ನಿಪ್ಪಲ್ ಮಣ್ಣು ತಿಂದು ಬಂದ್ ಆಗಿತ್ತು, ಹುಡುಗ ಪ್ರತಿ ಸಲ ಗ್ರೀಸ್ ಹೊಡದೇನಿ ಅಂತಿದ್ದ, ಗ್ರೀಸ್ ಒಳಗ ಹೋಗ್ತಿರಲಿಲ್ಲ, ನಿಪ್ಪಲ್ ಸುತ್ತ ಹೊರಗ ಬರ್ತಿತ್ತು ಅಷ್ಟ.

ಕೊಬ್ಬರಿ_ಗಾಡಿ

ಸರ್ ಇದು ನಂಗೆ ಯಾರೂ ಹೇಳಿರ್ಲಿಲ್ಲ. ಭಾನುವಾರ ನೋಡ್ತೀನಿ.

ಕೊಬ್ಬರಿ_ಗಾಡಿ

ನೋಡ್ದೆ. ನಮ್ಮ ಭಾವನ ಮಗ ಜೊತೆಗಿದ್ದ. ಚಾಸಿಗೆ ಜಾಕ್ ಕೊಟ್ಟು ಎರಡು ಕಡೆ ಸ್ಟ್ಯಾಂಡ್ ಇಟ್ಟು ಹಾರೆ ಹಾಕಿ ಮೀಟಿದ್ವಿ. ಶಾಕಲ್ ಎರಡೂ ಕಡೆ ಗಟ್ಟಿ ಇದೆ, ಬ್ಲೇಡಿನ ಮುಂದಿನ ತುದಿ ಪಿನ್ನೂ ಗಟ್ಟಿ. ಬಲಗಡೆ ಹಿಂದಿನ ಶಾಕಲ್ ನಿಪ್ಪಲ್ ಬಂದ್ ಆಗಿತ್ತು, ನೀವು ಹೇಳ್ದಂಗೇ, ಹೊಸದು ಹಾಕಿ ಹಳೆ ಗ್ರೀಸ್ ಹೊರಗೆ ಬರೋ ತನಕ ಹೊಡೆದೆ. ಕಿಂಗ್ ಪಿನ್ನಿಗೂ ಹೊಡೆದೆ, ವೀಲ್ ಎತ್ತಿ ಇಟ್ಕೊಂಡೇ ಹೊಡೆದೆ. ಸೌಂಡು ಮಾತ್ರ ಒಂಚೂರೂ ಬದಲಾಗಿಲ್ಲ.

ಮೊಬೈಲ್ ರೆಕಾರ್ಡಿಂಗ್ ಆನ್ ಮಾಡಿ ಒಂದ್ಸಲ ಎಡಗಡೆ ಮಡ್ ಗಾರ್ಡ್ ಹತ್ರ, ಒಂದ್ಸಲ ಬಲಗಡೆ, ಬಟ್ಟೆ ಸುತ್ತಿ ಟೇಪ್ ಹಾಕಿ ಕಟ್ಟಿ ಅದೇ ಹಂಪ್ ಮೇಲೆ ಹೋದ್ವಿ. ಎಡಗಡೆ ರೆಕಾರ್ಡಿಂಗಲ್ಲಿ ಜೋರಾಗಿದೆ. ಅಷ್ಟು ಗೊತ್ತಾಯ್ತು. ಮೊಬೈಲಿಗೆ ಧೂಳು ಹೋಗಿ ಸ್ಪೀಕರ್ ಈಗ ಗೊಗ್ಗರು ಗೊಗ್ಗರು ಮಾತಾಡ್ತಿದೆ, ಅದು ಬೇರೆ ವಿಷಯ.

ಸ್ಟೇರಿಂಗ್_ಸಿದ್ದ

ಎಡಗಡೆ ಸೌಂಡು, ಎಡಗಡೆ ಕಿಂಗ್ ಪಿನ್ ಆಟ. ಇನ್ನೂ ಏನ್ ಬೇಕು ಗುರು ನಿಂಗೆ?

ಡಿಪೋ_ರಿಟೈರ್ಡ್

ಸ್ವಲ್ಪ ನಿಲ್ಲಿ. 31 ವರ್ಷ ಬಸ್ ಡಿಪೋದಲ್ಲಿ ಮುಂದಿನ ಆಕ್ಸಲ್ ಕೆಲಸಾನೇ ಮಾಡಿದವನು ನಾನು, ಓದ್ತಾ ಇದ್ದೆ, ಬರೆಯೋಣ ಅನ್ನಿಸ್ತು.

ಕೊಬ್ಬರಿಯವರೇ, ನೀವು ಹಂಪು ಅಂತೀರಿ. ಹಂಪು ಬಂದಾಗ ನೀವು ಏನು ಮಾಡ್ತೀರಿ? ಬ್ರೇಕ್ ಹಾಕ್ತೀರಿ. ಆಮೇಲೆ ಹಂಪು ಹತ್ತಿಸ್ತೀರಿ, ಆಮೇಲೆ ಕ್ಲಚ್ ಬಿಟ್ಟು ಎಳೀತೀರಿ. ಮೂರು ಕೆಲಸ ಒಂದೇ ಜಾಗದಲ್ಲಿ ಆಗುತ್ತೆ. ಸೌಂಡು ಯಾವುದಕ್ಕೆ ಬರ್ತಿದೆ ಅಂತ ಯಾರೂ ಬಿಡಿಸಿ ನೋಡಿಲ್ಲ. ಮೆಕ್ಯಾನಿಕ್ ಕೂತಾಗ ಬರ್ಲಿಲ್ಲ ಅಂದ್ರಲ್ಲ, ಅವರು ಕೂತಾಗ ನೀವು ಮೆತ್ತಗೆ ಓಡ್ಸಿರ್ತೀರಿ, ಬ್ರೇಕ್ ಕೂಡ ಮೆತ್ತಗೆ. ಎಲ್ಲರೂ ಹಂಗೇ, ಪಕ್ಕದಲ್ಲಿ ಒಬ್ಬರು ಕೂತ್ರೆ ಸಾಕು ಡ್ರೈವಿಂಗೇ ಬದಲಾಗುತ್ತೆ.

ಹಿಂಗೆ ಮಾಡಿ. ಖಾಲಿ ಗಾಡಿ, ಸಮತಟ್ಟು ಜಾಗ, ಹಂಪು ಗುಂಡಿ ಏನೂ ಇರಬಾರ್ದು, ಎ.ಪಿ.ಎಂ.ಸಿ. ಯಾರ್ಡ್ ರಜಾ ದಿನ ಆದ್ರೆ ಚೆನ್ನ. ಫಸ್ಟ್ ಗೇರಲ್ಲಿ ಹತ್ತು ಅಡಿ ಮುಂದೆ ಹೋಗಿ ಬ್ರೇಕ್ ಗಟ್ಟಿಯಾಗಿ ಹಾಕಿ. ಠಕ್ ಅಂತಾ ನೋಡಿ. ಮತ್ತೆ ಮುಂದೆ ಹೋಗಿ ಮತ್ತೆ ಹಾಕಿ, ಹಿಂಗೆ ಮೂರು ನಾಲ್ಕು ಸಲ, ಪೂರ್ತಿ ಮುಂದಕ್ಕೇ. ಆಮೇಲೆ ರಿವರ್ಸ್ ಹತ್ತು ಅಡಿ ಬಂದು ಬ್ರೇಕ್. ಆಮೇಲೆ ಮತ್ತೆ ಮುಂದೆ. ಯಾವ ಯಾವ ಸಲ ಬಂತು ಅಂತ ಬರೆದಿಟ್ಟುಕೊಂಡು ಹೇಳಿ. ಇನ್ನೊಂದು ಪ್ರಶ್ನೆ, ಸ್ಟೇರಿಂಗ್ ಬಿಟ್ರೆ ಗಾಡಿ ಎಲ್ಲಿಗಾದ್ರೂ ಎಳೆಯುತ್ತಾ? ಇನ್ನೂ ಒಂದು, ಈ ಗಾಡಿಗೆ ಬ್ಲೇಡ್ ಕೆಲಸ ಕೊನೇ ಸಲ ಯಾವಾಗ ಆಗಿದ್ದು?

ಕೊಬ್ಬರಿ_ಗಾಡಿ

ಸರ್ ನೀವು ಕೇಳಿದ್ದು ನೋಡಿ ನಂಗೆ ಒಂಥರಾ ಆಯ್ತು. ಬ್ಲೇಡ್ ಕೆಲಸ ಎರಡು ತಿಂಗಳ ಹಿಂದೆ ಆಗಿದೆ. ಎಡಗಡೆ ಮುಂದೆ, ಎರಡನೇ ಬ್ಲೇಡ್ ಕಟ್ ಆಗಿತ್ತು, ದಾರೀಲಿ ಒಂದು ಬ್ಲೇಡ್ ಅಂಗಡೀಲಿ ಹಾಕ್ಸಿ ಅದೇ ದಿನ ಲೋಡಿಗೆ ಹೋದೆ. ಇಲ್ಲಿ ಬರೆಯೋವಾಗ ನೆನಪೇ ಆಗ್ಲಿಲ್ಲ, ಅದು ಸರಿ ಆಗಿರೋ ಕೆಲಸ ಅಂತ ತಲೇಲಿ ಇತ್ತು. ಅದಾಗಿ ಹದಿನೈದು ದಿನಕ್ಕೋ ಏನೋ ಈ ಸೌಂಡು ಶುರು.

ಎಡಕ್ಕೆ ಎಳೀತಿದೆ. ಸ್ವಲ್ಪ. ರೋಡೇ ಎಡಕ್ಕೆ ಇಳಿಜಾರು ಇರುತ್ತಲ್ಲ ಅದಕ್ಕೆ ಅಂತ ಸುಮ್ನಿದ್ದೆ. ಸ್ಟೇರಿಂಗೂ ನೆಟ್ಟಗೆ ಹೋಗುವಾಗ ಒಂಚೂರು ಬಲಕ್ಕೆ ತಿರುಗಿರುತ್ತೆ, ಟೈ ರಾಡ್ ಎಂಡ್ ಹಾಕಿದ್ಮೇಲೆ ಹಂಗಾಗಿದೆ ಅನ್ಕೊಂಡಿದ್ದೆ.

ಟೆಸ್ಟ್ ಇವತ್ತು ಸಂಜೆ ಮಾಡ್ತೀನಿ.

ಕೊಬ್ಬರಿ_ಗಾಡಿ

ಮಾಡ್ದೆ. ಬರ್ಕೊಂಡಿದ್ದು ಹಂಗೇ ಹಾಕ್ತೀನಿ. ಮುಂದೆ ಹೋಗಿ ಮೊದಲನೇ ಬ್ರೇಕ್, ಠಕ್. ಎರಡನೇದು, ಇಲ್ಲ. ಮೂರನೇದು, ಇಲ್ಲ. ನಾಲ್ಕನೇದು, ಇಲ್ಲ. ರಿವರ್ಸ್ ಬಂದು ಬ್ರೇಕ್, ಠಕ್. ರಿವರ್ಸಲ್ಲೇ ಇನ್ನೊಂದು ಸಲ, ಇಲ್ಲ. ಮತ್ತೆ ಮುಂದೆ ಹೋಗಿ ಹಾಕಿದ್ರೆ ಠಕ್. ಐದು ಸಲ ಹಿಂಗೇ ಮಾಡ್ದೆ, ಐದು ಸಲಾನೂ ಹಿಂಗೇ. ಒಂದೂವರೆ ತಿಂಗಳಿಂದ ಬೇಕು ಅಂದಾಗ ಬರದೆ ಇದ್ದ ಸೌಂಡು ಈಗ ಕರೆದ್ರೆ ಬರ್ತಿದೆ ಸರ್!

ಹುಬ್ಳಿ_ಹತ್ತಿಕಾಳು

ಅಬ್ಬಬ್ಬಾ. ಏನೋ ಒಂದು ಹಿಂದ ಮುಂದ ಸರದಾಡಾಕ ಹತ್ತೈತಿ.

ಡಿಪೋ_ರಿಟೈರ್ಡ್

ಅದೇ. ಏನೋ ಒಂದು ಹಿಂದಕ್ಕೆ ಮುಂದಕ್ಕೆ ಜರುಗ್ತಿದೆ. ಮುಂದೆ ಹೋಗುವಾಗ ಬ್ರೇಕ್ ಹಾಕಿದ್ರೆ ಹಿಂದಕ್ಕೆ ಸರಿದು ಅಲ್ಲೇ ಕೂರುತ್ತೆ, ಅದಕ್ಕೇ ಎರಡನೇ ಸಲ ಸೌಂಡ್ ಇಲ್ಲ, ಸರಿಯೋಕೆ ಇನ್ನು ಜಾಗ ಇಲ್ಲ. ರಿವರ್ಸಲ್ಲಿ ಹಾಕಿದ್ರೆ ಮುಂದಕ್ಕೆ ಬಂದು ಕೂರುತ್ತೆ.

ಹಿಂಗೆ ಮಾಡೋವು ಮೂರು ನಾಲ್ಕು ಇವೆ. ಡ್ರಮ್ ಒಳಗೆ ಬ್ರೇಕ್ ಶೂ ಸಡಿಲ ಇದ್ರೂ ಹಿಂಗೇ ಅನ್ನುತ್ತೆ. ಶಾಕಲ್ ಪಿನ್, ಮುಂದಿನ ಪಿನ್, ಅದು ನೀವು ನೋಡಿ ಆಯ್ತು. ಕಿಂಗ್ ಪಿನ್ನೂ ಬ್ರೇಕಿಗೆ ಠಕ್ ಅನ್ನಬಹುದು, ಸಿದ್ದು ಹೇಳಿದ್ದು ಪೂರ್ತಿ ತಪ್ಪು ಅಂತ ನಾನು ಹೇಳಲ್ಲ. ಆದ್ರೆ ಕಿಂಗ್ ಪಿನ್ನಿಗೆ ಹೊಸ ಗ್ರೀಸ್ ತುಂಬಿದ್ರೆ ನಾಲ್ಕು ದಿನಕ್ಕಾದ್ರೂ ಸೌಂಡು ಮೆತ್ತಗಾಗಬೇಕು, ನಿಮ್ಮದು ಒಂಚೂರೂ ಬದಲಾಗಿಲ್ಲ. ಬ್ರೇಕ್ ಶೂ ಆದ್ರೆ ಗಾಡಿ ಎಡಕ್ಕೆ ಯಾಕೆ ಎಳೀಬೇಕು, ಬ್ರೇಕ್ ಹಾಕದೆ ಇದ್ದಾಗ? ಬ್ಲೇಡ್ ಬಿಚ್ಚಿ ಹಾಕಿದ ಮೇಲೆ ಸೌಂಡು ಶುರು, ಬಿಚ್ಚಿದ ಕಡೆಯಿಂದಾನೇ ಸೌಂಡು, ಆ ಕಡೆಗೇ ಎಳೆತ. ನನಗೆ ಅನುಮಾನ ಇರೋದು ಯು ಬೋಲ್ಟ್ ಸಡಿಲ ಆಗಿ ಸೆಂಟರ್ ಬೋಲ್ಟ್ ಕಟ್ ಆಗಿದೆ ಅಂತ.

ಗೊತ್ತಿಲ್ಲದವರಿಗೆ: ಬ್ಲೇಡ್ ಸೆಟ್ಟಿನ ಮಧ್ಯ ತೂತಲ್ಲಿ ಒಂದು ಬೋಲ್ಟ್ ಇರುತ್ತೆ, ಅದರ ತಲೆ ಆಕ್ಸಲ್ ಮೇಲಿನ ಗುಳಿಯಲ್ಲಿ ಕೂರುತ್ತೆ. ಅದು ಆಕ್ಸಲ್ ಎಲ್ಲಿ ಕೂರಬೇಕು ಅಂತ ಜಾಗ ತೋರಿಸೋಕೆ ಅಷ್ಟೇ. ಆಕ್ಸಲ್ಲನ್ನ ಹಿಡಿದಿಡೋದು ಅದಲ್ಲ, ಬ್ಲೇಡನ್ನ ಆಕ್ಸಲ್ಲಿಗೆ ಅಪ್ಪಿ ಹಿಡಿಯೋ ಎರಡು ಯು ಬೋಲ್ಟಿನ ಬಿಗಿ. ಬಿಗಿ ಹೋದ್ರೆ ಬ್ರೇಕ್ ಹಾಕಿದಾಗೆಲ್ಲ ಆಕ್ಸಲ್ಲಿನ ಪೂರ್ತಿ ಎಳೆತ ಆ ಸಣ್ಣ ಬೋಲ್ಟಿನ ಮೇಲೆ ಬೀಳುತ್ತೆ. ಎಷ್ಟು ದಿನ ತಡೆಯುತ್ತೆ ಅದು? ಲೋಡ್ ಇದ್ದಾಗ ಮೇಲಿನ ಭಾರಕ್ಕೆ ಬ್ಲೇಡ್ ಆಕ್ಸಲ್ಲಿಗೆ ಒತ್ತಿಕೊಂಡು ಜಾರೋದು ಕಷ್ಟ, ಖಾಲಿ ಆದ ತಕ್ಷಣ ಸಲೀಸು. ನಿಮ್ಮ ಸೌಂಡಿನ ಜಾತಕ ಅದೇ ಇದ್ದಂಗಿದೆ.

ಬಿಚ್ಚೋಕೆ ಮುಂಚೆ ಎರಡು ಕೆಲಸ. ವೀಲ್ ನೆಟ್ಟಗೆ ಇಟ್ಟು ಮುಂದಿನ ಹಬ್ ಮಧ್ಯದಿಂದ ಹಿಂದಿನ ಹಬ್ ಮಧ್ಯಕ್ಕೆ ಎರಡೂ ಕಡೆ ಅಳೆಯಿರಿ. ಸ್ಟೀಲ್ ಟೇಪಲ್ಲಿ ಅಳೀಬೇಕು, ತೆಂಗಿನ ಹುರಿ ಗಿರಿ ಬೇಡ, ಎಳೆದ್ರೆ ಉದ್ದ ಆಗುತ್ತೆ. ಎರಡನೇದು, ಎಡಗಡೆ ಬ್ಲೇಡ್ ಆಕ್ಸಲ್ ಮೇಲೆ ಕೂರೋ ಜಾಗ ಚೆನ್ನಾಗಿ ಒರೆಸಿ, ಚಾಕ್ ಪೀಸಲ್ಲಿ ಮೇಲಿಂದ ಕೆಳಗೆ ಒಂದೇ ನೇರ ಗೆರೆ ಎಳೀರಿ, ಬ್ಲೇಡ್ ಮೇಲಿಂದ ಶುರುವಾಗಿ ಆಕ್ಸಲ್ ತನಕ ಬರಬೇಕು. ಅದೇ ಮುಂದೆ ಹಿಂದೆ ಬ್ರೇಕ್ ಟೆಸ್ಟ್ ಮಾಡಿ ಇಳಿದು ಗೆರೆ ನೋಡಿ.

ಅಲ್ಲಿ ತನಕ ಲೋಡಿಗೆ ಹೋಗಬೇಡಿ. ಸ್ಟೇರಿಂಗ್ ಇರೋ ಆಕ್ಸಲ್ ಇದು.

ಸ್ಟೇರಿಂಗ್_ಸಿದ್ದ

ಸರ್ ಯು ಬೋಲ್ಟ್ ಲೂಸ್ ಆಗಿದ್ರೆ ಮೂರು ಸಲ ಕೆಳಗೆ ಮಲಗಿದ ಮೆಕ್ಯಾನಿಕ್ಗಳಿಗೆ ಕಾಣಿಸ್ತಿರ್ಲಿಲ್ವಾ?

ಡಿಪೋ_ರಿಟೈರ್ಡ್

ಕಣ್ಣಿಗೆ ಕಾಣಲ್ಲ ಸಿದ್ದು. ನಟ್ ಬಿದ್ದೇನೂ ಹೋಗಿರಲ್ಲ, ಇದ್ದ ಜಾಗದಲ್ಲೇ ಇರುತ್ತೆ, ಮೇಲೆ ಮಣ್ಣು ಗ್ರೀಸು ಮೆತ್ತಿರುತ್ತೆ. ಸ್ಪಾನರ್ ಹಾಕಿದ್ರೆ ಮಾತ್ರ ಗೊತ್ತಾಗೋದು. ಮೂರು ಸಲಾನೂ ಅವರು ಬೇರೆ ಬೇರೆ ಪಾರ್ಟ್ ಹುಡುಕ್ತಾ ಮಲಗಿದ್ರು.

ಒಂದು ಗುರುತು ಇರುತ್ತೆ, ಬ್ಲೇಡು ಆಕ್ಸಲ್ಲು ಸೇರೋ ಸಂದಿಲಿ ಇಟ್ಟಿಗೆ ಪುಡಿ ತರ ಕೆಂಪು ಪುಡಿ. ಕಬ್ಬಿಣಕ್ಕೆ ಕಬ್ಬಿಣ ತಿಕ್ಕಿದ್ರೆ ಬರುತ್ತೆ. ಅದನ್ನೂ ನೋಡಿ.

ಕೊಬ್ಬರಿ_ಗಾಡಿ

ಸರ್ ಕೈ ನಡುಗ್ತಿದೆ ಬರೆಯೋಕೆ.

ಬಲಗಡೆಗಿಂತ ಎಡಗಡೆ 13 ಮಿಲಿಮೀಟರ್ ಕಮ್ಮಿ ಇದೆ. ಮೂರು ಸಲ ಅಳೆದ್ವಿ, ಒಂದ್ಸಲ ನಾನು ಟೇಪ್ ಹಿಡ್ದು ಭಾವನ ಮಗ ಓದಿದ, ಒಂದ್ಸಲ ಅವನು ಹಿಡ್ದು ನಾನು ಓದ್ದೆ, ಆಮೇಲೆ ಯಾಕೋ ಸಮಾಧಾನ ಆಗ್ದೆ ಇನ್ನೊಂದ್ಸಲ. ಅದೇ 13.

ಸಂದಿಲಿ ಬೆರಳು ಹಾಕಿ ಒರೆಸ್ದೆ, ಬೆರಳು ತುಂಬ ಕೆಂಪು ಪುಡಿ, ಕುಂಕುಮ ಮುಟ್ಟಿದಂಗೆ. ಬಲಗಡೆ ಒರೆಸಿದ್ರೆ ಬರೀ ಕಪ್ಪು ಗ್ರೀಸು.

ಚಾಕ್ ಗೆರೆ, ಮಗಳ ಸ್ಲೇಟಿನ ಬಳಪ ಇತ್ತು ಅದ್ರಲ್ಲೇ ಎಳೆದೆ. ಮುಂದೆ ಹೋಗಿ ಬ್ರೇಕು, ರಿವರ್ಸ್ ಬಂದು ಬ್ರೇಕು, ಇಳ್ದು ಬಗ್ಗಿ ನೋಡಿದ್ರೆ ಗೆರೆ ಎರಡು ತುಂಡಾಗಿದೆ. ಮೇಲಿನ ಗೆರೆ ಒಂದು ಕಡೆ, ಆಕ್ಸಲ್ ಮೇಲಿನ ಗೆರೆ ಒಂದು ಕಡೆ, ಮಧ್ಯ ಒಂದು ತೊಗರಿಕಾಳು ಇಡುವಷ್ಟು ಅಂತರ. ಮತ್ತೆ ಮುಂದೆ ಹೋಗಿ ಬ್ರೇಕ್ ಹಾಕಿ ನೋಡಿದ್ರೆ ಗೆರೆ ಸೇರ್ಕೊಂಡಿದೆ. ನನ್ನ ಕಣ್ಣಾರೆ ನೋಡ್ದೆ.

ಇದ್ರಲ್ಲಿ ನಾನು ಒಂದೂವರೆ ತಿಂಗಳು ನಾಲ್ಕು ನಾಲ್ಕು ಟನ್ ಕಾಯಿ ಹಾಕ್ಕೊಂಡು ಬೆಂಗಳೂರು ಟ್ರಾಫಿಕಲ್ಲಿ ಓಡಾಡಿದೀನಿ.

ಬಂದರ್_ಲೋಡ್

ದೇವ್ರು ದೊಡ್ಡವನು ಮಾರಾಯ್ರೆ. ಘಾಟಿಯಲ್ಲಿ ಆಗಿದ್ದಿದ್ರೆ? ಗಾಡಿ ಅಲ್ಲೇ ನಿಲ್ಸಿ, ಮೆಕ್ಯಾನಿಕ್ಕನ್ನೇ ಕರ್ಸಿ.

ಡಿಪೋ_ರಿಟೈರ್ಡ್

ಹೌದು, ಓಡಿಸಿಕೊಂಡು ಹೋಗಬೇಡಿ. ತಕ್ಷಣಕ್ಕೆ ಯು ಬೋಲ್ಟ್ ಟೈಟ್ ಮಾಡಿ ಹೋಗ್ತೀನಿ ಅಂತಾನೂ ಬೇಡ, ಆಕ್ಸಲ್ ತಪ್ಪು ಜಾಗದಲ್ಲೇ ಬಿಗಿಯಾಗುತ್ತೆ.

ಕೆಲಸ ಮಾಡಿಸುವಾಗ ಇಷ್ಟು ನಿಂತು ನೋಡಿ. ಯು ಬೋಲ್ಟ್ ನಾಲ್ಕೂ ಹೊಸದು, ನಟ್ಟೂ ಹೊಸದು, ಹಳೇದು ಮತ್ತೆ ಹಾಕೋಕೆ ಬಿಡಬೇಡಿ. ಒಂದು ಸಲ ಪೂರ್ತಿ ಬಿಗಿದ ಯು ಬೋಲ್ಟ್ ಎಳೆದುಕೊಂಡಿರುತ್ತೆ, ಮತ್ತೆ ಅದೇ ಬಿಗಿ ಕೊಡಲ್ಲ. ಬ್ಲೇಡ್ ಅಂಗಡಿಗಳಲ್ಲಿ ಉಳಿತಾಯ ಮಾಡೋದು ಇಲ್ಲೇ. ಆಕ್ಸಲ್ ಮೇಲಿನ ಗುಳಿ ಗುಂಡಗೆ ಇದೆಯಾ ಉದ್ದ ಆಗಿದೆಯಾ ನೋಡಿ. ಮಧ್ಯ ಪ್ಯಾಕಿಂಗ್ ಪ್ಲೇಟ್ ಇದ್ರೆ ಅದರ ತೂತನ್ನೂ ನೋಡಿ. ಕೂರೋ ಜಾಗದಲ್ಲಿ ಪೇಂಟು, ತುಕ್ಕು, ಮಣ್ಣು ಒಂದೂ ಇರಬಾರ್ದು, ಪೇಂಟ್ ಮೇಲೆ ಕೂರಿಸಿದ್ರೆ ನಾಲ್ಕು ದಿನಕ್ಕೆ ಪೇಂಟ್ ಸವೆದು ಅಷ್ಟು ಸಡಿಲ ಆಗುತ್ತೆ. ಬಿಗಿಯುವಾಗ ಒಂದೇ ನಟ್ ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋಗಬಾರ್ದು, ಎದುರು ಬದುರು ಸ್ವಲ್ಪ ಸ್ವಲ್ಪ. ಕೊನೇ ಬಿಗಿ ಗಾಡಿ ನೆಲದ ಮೇಲೆ ನಿಂತಿರುವಾಗ, ಬಿಗಿ ಅಳೆದು ತೋರಿಸೋ ಟಾರ್ಕ್ ರೆಂಚಲ್ಲಿ, ಎಷ್ಟು ಅಂತ ನಿಮ್ಮ ಗಾಡಿ ಮ್ಯಾನ್ಯುಯಲ್ ನೋಡಿ. ಪೈಪ್ ಹಾಕಿ ನೇತಾಡಿ ಬಿಗಿದ್ರೆ ಸಾಕು ಅನ್ನೋರ ಮಾತು ಕೇಳಬೇಡಿ.

ಆಮೇಲೆ ಮುಖ್ಯವಾದ್ದು. ಒಂದು ಟ್ರಿಪ್ ಲೋಡ್ ಹಾಕಿ ಓಡಿಸಿ ಬಂದು ಮತ್ತೆ ಬಿಗಿ ನೋಡಲೇಬೇಕು. ಹೊಸ ಬ್ಲೇಡ್ ಲೋಡಿಗೆ ಒತ್ತಿಕೊಂಡು ಕೂರುತ್ತೆ, ಆಗ ಯು ಬೋಲ್ಟ್ ತಾನಾಗೇ ಸಡಿಲ ಆಗುತ್ತೆ. ಹೋದ್ಸಲ ಅಂಗಡಿಯವರು ಹೇಳಿದ್ರಾ ಇದನ್ನ?

ಕೊಬ್ಬರಿ_ಗಾಡಿ

ಹೇಳಿದ್ರೋ ಇಲ್ವೋ ಸರ್, ಸತ್ಯ ಹೇಳ್ಬೇಕು ಅಂದ್ರೆ ನಾನು ಲೋಡಿಗೆ ಲೇಟಾಗುತ್ತೆ ಅಂತ ತಲೆ ಮೇಲೆ ನಿಂತು ಗಡಿಬಿಡಿ ಮಾಡ್ತಿದ್ದೆ. ಹಳೆ ಯು ಬೋಲ್ಟೇ ಹಾಕಿದ್ದು ಗೊತ್ತು, ನಾನೇ ಇರ್ಲಿ ಬಿಡಿ ಅಂದಿದ್ದೆ.

ಕೊಬ್ಬರಿ_ಗಾಡಿ

ಕೆಲಸ ಆಯ್ತು. ಮೆಕ್ಯಾನಿಕ್ಕು ಗಾಡಿ ನಿಂತ ಜಾಗಕ್ಕೇ ಬಂದ್ರು, ಬೆಳಿಗ್ಗೆ ಒಂಬತ್ತಕ್ಕೆ ಶುರು ಮಾಡಿ ಮೂರೂವರೆಗೆ ಮುಗೀತು.

ಎಡಗಡೆ ಯು ಬೋಲ್ಟಿನ ನಟ್ಟಿಗೆ ಸಾಕೆಟ್ ಹಾಕಿ ಬರೀ ಕೈಲಿ ತಿರುಗ್ಸಿದ್ರೆ ತಿರುಗ್ತು. ಪೈಪ್ ಬೇಡ, ಏನೂ ಬೇಡ. ಒಳಗಡೆ ಒಂದು ನಟ್ ಅಂತೂ ಬೆರಳಲ್ಲೇ ಬಂತು. ಸೆಂಟರ್ ಬೋಲ್ಟ್ ಎರಡು ತುಂಡು. ತಲೆ ಆಕ್ಸಲ್ ಗುಳೀಲಿ ಕೂತಿದೆ, ಉಳಿದದ್ದು ಬ್ಲೇಡ್ ಒಳಗೆ. ಮುರಿದ ಮುಖ ನೋಡಿದ್ರೆ ಅರ್ಧ ಭಾಗ ಹಳೇ ತುಕ್ಕು ಬಣ್ಣ, ಇನ್ನರ್ಧ ಇನ್ನೂ ಹೊಳೀತಿದೆ. ಮೆಕ್ಯಾನಿಕ್ ಹೇಳಿದ್ರು ಇದು ಮೊದ್ಲೇ ಅರ್ಧ ಬಿರುಕು ಬಿಟ್ಟಿದೆ, ಉಳಿದಿದ್ದು ಮೊನ್ನೆ ಮೊನ್ನೆ ಕಟ್ ಆಗಿದೆ ಅಂತ. ಆಕ್ಸಲ್ ಗುಳಿ ಪುಣ್ಯಕ್ಕೆ ಸರಿ ಇತ್ತು, ಮಧ್ಯದ ಪ್ಯಾಕಿಂಗ್ ಪ್ಲೇಟಿನ ತೂತು ಮೊಟ್ಟೆ ಆಕಾರ ಆಗಿತ್ತು, ಅದು ಹೊಸದು ಹಾಕಿದ್ವಿ. ಬಲಗಡೆ ಸೆಂಟರ್ ಬೋಲ್ಟ್ ಚೆನ್ನಾಗೇ ಇತ್ತು ಆದ್ರೂ ಬದಲಾಯಿಸಿದ್ವಿ. ಪಾರ್ಟು ಕೂಲಿ ಸೇರಿ ಮೂರು ಸಾವಿರದ ಎಂಟುನೂರು. ಮೊದಲು ಕಳ್ಕೊಂಡ ಒಂಬತ್ತು ಸಾವಿರ ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ, ಇರ್ಲಿ.

ಅಳತೆ ಈಗ ಎರಡೂ ಕಡೆ ಒಂದೇ, 1 ಮಿಲಿಮೀಟರ್ ಹೆಚ್ಚು ಕಮ್ಮಿ. ಸ್ಟೇರಿಂಗ್ ತಾನಾಗೇ ನೇರ ಬಂದಿದೆ. ನಿನ್ನೆ ಖಾಲಿಲಿ ಗುಬ್ಬಿ ತನಕ ಹೋಗ್ಬಂದೆ, ರೇಡಿಯೋ ಬಂದ್ ಮಾಡಿ, ಕಿಟಕಿ ಇಳಿಸಿ, ಒಂದೊಂದು ಹಂಪಿಗೂ ಕಿವಿ ಕೊಟ್ಕೊಂಡು. ಇಲ್ಲ. ಹಂಪು ಇಳಿಯುವಾಗ ಮೈ ಬಿಗಿ ಹಿಡ್ಕೊಳ್ಳೋದು ಮಾತ್ರ ಇನ್ನೂ ಹೋಗಿಲ್ಲ, ಈಗ ಬರುತ್ತೆ ಈಗ ಬರುತ್ತೆ ಅಂತ.

ಸ್ಟೇರಿಂಗ್_ಸಿದ್ದ

ಸರಿ ಗುರು ಒಪ್ಕೊಂಡೆ. ಆದ್ರೆ ಎಡಗಡೆ ಕಿಂಗ್ ಪಿನ್ನಲ್ಲಿ ಆಟ ಇರೋದು ಇದ್ದೇ ಇದೆ, ಅದು ನೆನಪಿರ್ಲಿ.

ಡಿಪೋ_ರಿಟೈರ್ಡ್

ಸಿದ್ದು ಹೇಳಿದ್ದು ಸರಿ, ಅದು ಇವತ್ತಿನ ಕಾಯಿಲೆ ಅಲ್ಲ ಆದ್ರೆ ಬರೋ ಕಾಯಿಲೆ. ಸರಿಯಾಗಿ ಗ್ರೀಸ್ ಹೊಡೀತಾ ಇರಿ, ಆರು ತಿಂಗಳಿಗೊಮ್ಮೆ ವೀಲ್ ಎತ್ತಿ ನೋಡ್ತಾ ಇರಿ. ಎಡಗಡೆ ಮುಂದಿನ ಟೈರ್ ಒಳಗಡೆ ಅಂಚು ಸವೆದಿದೆಯಾ ಕೈ ಆಡ್ಸಿ ನೋಡಿ. ಟೈ ರಾಡ್ ಎಂಡ್ ಬಿಚ್ಚಿ ಹಾಕಿದಾರೆ, ಆಗ ಆಕ್ಸಲ್ ವಾರೆ ಇತ್ತು, ಹಂಗಾಗಿ ಅಲೈನ್ಮೆಂಟ್ ಈಗ ಒಂದ್ಸಲ ಚೆಕ್ ಮಾಡಿಸಿ.

ಹುಬ್ಳಿ_ಹತ್ತಿಕಾಳು

ನಾ ಇವತ್ತ ನಮ್ಮ ಎರಡೂ ಗಾಡಿಗೆ ಸ್ಪಾನರ್ ಹಾಕಿ ನೋಡಿದ್ನಿರೀ. ಒಂದರಾಗ ಹಿಂದಿನ ಯು ಬೋಲ್ಟ್ ಅರ್ಧ ಸುತ್ತು ಬಂತು. ಸೌಂಡ್ ಗೀಂಡ್ ಏನೂ ಇರಲಿಲ್ಲ ಅದರಾಗ.

ಕೊಬ್ಬರಿ_ಗಾಡಿ

ಲೋಡ್ ಹಾಕಿ ಬೆಂಗಳೂರಿಗೆ ಹೋಗಿ ಬಂದೆ, ಹೋಗಿ ಬರೋದು ಹತ್ರ ಹತ್ರ 300 ಕಿಲೋಮೀಟರ್. ಡಿಪೋ ಸರ್ ಹೇಳ್ದಂಗೆ ವಾಪಸ್ ಬಂದು ಟಾರ್ಕ್ ರೆಂಚ್ ಹಾಕ್ಸಿದೆ. ಎಡಗಡೆ ನಾಕೂ ನಟ್ ಕಾಲು ಸುತ್ತು ಬಂದ್ವು ಸರ್! ಹೊಸ ಬೋಲ್ಟು, ಅಳತೆ ಹಾಕಿ ಬಿಗಿದಿದ್ದು, ಆದ್ರೂ ಕಾಲು ಸುತ್ತು. ಹೋದ್ಸಲ ಯಾಕೆ ಹಂಗಾಯ್ತು ಅಂತ ಅವಾಗ ಗೊತ್ತಾಯ್ತು.

ಡಿಪೋ_ರಿಟೈರ್ಡ್

ಇನ್ನೊಂದು ಟ್ರಿಪ್ ಆದ್ಮೇಲೆ ಮತ್ತೊಮ್ಮೆ ಹಾಕಿ, ಆಮೇಲೆ ನಿಲ್ಲುತ್ತೆ. ಬಿಗಿದ ಮೇಲೆ ನಟ್ಟಿಂದ ಪ್ಲೇಟಿಗೆ ಸೇರಿಸಿ ಬಿಳಿ ಪೇಂಟಲ್ಲಿ ಒಂದು ಗೆರೆ ಎಳೆದುಬಿಡಿ. ಡೀಸೆಲ್ ಹಾಕಿಸೋಕೆ ನಿಂತಾಗ ಬಗ್ಗಿ ನೋಡಿದ್ರೆ ಸಾಕು, ಗೆರೆ ತಪ್ಪಿದ್ರೆ ನಟ್ ತಿರುಗಿದೆ ಅಂತ.

ಕೊಬ್ಬರಿ_ಗಾಡಿ

ಎಳೆದೆ ಸರ್, ಎಂಟೂ ನಟ್ಟಿಗೆ. ಪೇಂಟ್ ಇರ್ಲಿಲ್ಲ, ಮನೆಯವಳ ನೈಲ್ ಪಾಲಿಶ್ ಇತ್ತು, ಬಿಳಿ ಇಲ್ಲ, ಗುಲಾಬಿ.